ಬಿಚ್ಚದೇ ಸತ್ತಿದೆ ಅನ್ನಬೇಡಿ

‘ಗುಜರಿಗೆ ಹಾಕಿಬಿಡ್ರಿ.’

ನಮ್ಮ ಊರುಗಳಲ್ಲಿ ಈಗ ಎಲ್ಲದಕ್ಕೂ ಇದೊಂದೇ ಉತ್ತರ. ಮಿಕ್ಸರ್ ಕೆಟ್ಟರೂ ಇದೇ, ಔಷಧಿ ಹೊಡೆಯೋ ಪಂಪು ಕೆಟ್ಟರೂ ಇದೇ. ನಮ್ಮ ಹೊಲದ ಮನೆಯಲ್ಲಿ ಒಂಬತ್ತು ವರ್ಷ ತಟ್ಟು ಹೊದ್ದುಕೊಂಡು ಕೂತಿದ್ದ ಡೀಸೆಲ್ ಎಂಜಿನ್ನಿಗೂ ಇದೇ ತೀರ್ಪು ಬಂತು. ತೀರ್ಪು ಕೊಟ್ಟವರು ಯಾರು? ಪಂಪ್‌ಸೆಟ್ ಮಾರುವವನು, ಬಾಗಿಲಲ್ಲಿ ನಿಂತು ನೋಡಿ. ದೊಡ್ಡಪ್ಪನ ಮಗ, ಮೊಬೈಲಿನಲ್ಲಿ ಫೋಟೊ ನೋಡಿ. ಬೆಂಗಳೂರಿನ ನನ್ನ ಸಹೋದ್ಯೋಗಿ, ಫೋಟೊ ಕೂಡ ನೋಡದೆ. ಮೂವರಲ್ಲಿ ಒಬ್ಬರೂ ಒಂದು ನಟ್ಟು ಸಡಿಲ ಮಾಡಿ ನೋಡಿರಲಿಲ್ಲ. ನಟ್ಟಿಗೆ ಪಾನಾ ಹಾಕಿದವರು ನಾಲ್ಕನೆಯವರು, ರಾಣೆಬೆನ್ನೂರು ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿ. ಅವರು ಕೇಳಿದ್ದು ಇಷ್ಟೇ: ‘ಬಿಚ್ಚಿ ನೋಡಲಾರದ ಸತ್ತೈತಿ ಅಂತ ಹೆಂಗ ಹೇಳ್ತಾರ ತಮ್ಮಾ?’

ಈ ಪ್ರಶ್ನೆಯನ್ನ ಎಲ್ಲರಿಗೂ ಕೇಳಬೇಕು ಅನ್ನಿಸಿ ಇದನ್ನ ಬರೀತಿದ್ದೀನಿ. ಸ್ವಲ್ಪ ಖಾರ ಜಾಸ್ತಿ ಇರುತ್ತೆ. ಸಹಿಸಿಕೊಳ್ಳಿ.

ಎಂಜಿನ್ನು ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ಕಿರ್ಲೋಸ್ಕರ್ ಎವಿ-1. ಐದು ಹಾರ್ಸ್‌ಪವರ್, ಒಂದೇ ಸಿಲಿಂಡರ್, ನೀರಿನಿಂದ ತಂಪಾಗುವಂಥದ್ದು, ನಿಮಿಷಕ್ಕೆ 1500 ಸುತ್ತು. ಬೋರ್ 80 ಮಿಲಿಮೀಟರ್, ಸ್ಟ್ರೋಕ್ 110. ಹೊಲಕ್ಕೆ ಕರೆಂಟು ಬರುವ ಮೊದಲು ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹೊಳೆ ನೀರು ಎತ್ತಿದ್ದು ಇಂಥ ಎಂಜಿನ್ನುಗಳೇ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಒಂದೇ ಒಂದು ವೈರೂ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನ ಹದಿನಾರೂವರೆ ಪಾಲಿನಿಂದ ಒಂದು ಪಾಲಿಗೆ ಒತ್ತುತ್ತದೆ. ಒತ್ತಿದ ಗಾಳಿ ಎಷ್ಟು ಕಾಯುತ್ತದೆ ಅಂದರೆ ಅದರೊಳಕ್ಕೆ ಚಿಮ್ಮಿಸಿದ ಡೀಸೆಲ್ಲು ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟೇ ಕಥೆ. ಅಂದಹಾಗೆ ಈ ಹೆಸರಿನ ಹಿಂದಿರುವ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಅಂತ ಶುರುಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ರೈತ ಕೈಯಲ್ಲಿ ಹಿಡಿದು ನೋಡಿ, ಸವೆದರೆ ರಿಪೇರಿ ಮಾಡಿಕೊಳ್ಳುವ ಸಾಮಾನಿನಿಂದಲೇ ಅವರ ವ್ಯಾಪಾರ ಬೆಳೆದದ್ದು.

ಈಗ ಪಂಪ್‌ಸೆಟ್ ಮಾರುವವನ ಮಾತಿಗೆ ಬರೋಣ. ‘ಹಳೇದಕ್ಕ ಐದು ಸಾವಿರ ಹಿಡಕೋತೀನಿ, ಹೊಸಾದು ಒಯ್ರಿ. ಇದರ ಪಾರ್ಟ್ ಸಿಗೂದಿಲ್ಲ’ ಅಂದ. ಪಾರ್ಟ್ ಎಲ್ಲಾ ಸಿಕ್ಕಿದವು. ಕೆಲವು ದಾವಣಗೆರೆಯಲ್ಲಿ, ಉಳಿದವು ಹುಬ್ಬಳ್ಳಿಯಲ್ಲಿ. ಪಾರ್ಟ್ ಸಿಗೋದಿಲ್ಲ ಅಂತ ಅಂಗಡಿಯವನು ಅಂದರೆ ‘ನಾನು ಇಟ್ಟಿಲ್ಲ, ಇಟ್ಟರೆ ನನಗೆ ಲಾಭ ಇಲ್ಲ’ ಅಂತ ಓದಿಕೊಳ್ಳಬೇಕು. ಅವನನ್ನ ನಾನು ಬೈಯಲ್ಲ, ಮಾರೋದು ಅವನ ಹೊಟ್ಟೆಪಾಡು. ಆದರೆ ವೈದ್ಯರ ಹತ್ತಿರ ಕೇಳಬೇಕಾದ ಪ್ರಶ್ನೆಯನ್ನ ಶವಪೆಟ್ಟಿಗೆ ಮಾರುವವನ ಹತ್ತಿರ ಕೇಳಿ, ಅವನು ಹೇಳಿದ್ದೇ ಸರಿ ಅಂತ ಮನೆಗೆ ಬರುತ್ತೀವಲ್ಲ, ನಮ್ಮ ಬುದ್ಧಿಗೆ ಏನನ್ನಬೇಕು?

ಎಂಜಿನ್ನನ್ನ ನಾಲ್ಕು ಶನಿವಾರ, ನಾಲ್ಕು ಭಾನುವಾರ ನಮ್ಮ ಹಿತ್ತಲ ಕಟ್ಟೆಯ ಮೇಲೆ ಬಿಚ್ಚಿ ಕಟ್ಟಿದೆವು. ಒಂಬತ್ತು ವರ್ಷ ನಿಂತಿದ್ದರಿಂದ ಪಿಸ್ಟನ್ನು ಹಿಡಕೊಂಡಿತ್ತು. ಸಿಲಿಂಡರಿನೊಳಗೆ ಡೀಸೆಲ್ಲು, ಆಯಿಲ್ಲು ಬೆರೆಸಿ ಸುರಿದು ಒಂದು ವಾರ ಬಿಟ್ಟೆವು. ಬಡಿಯೋಣ ಅಂತ ಸುತ್ತಿಗೆ ತಂದ ಹುಡುಗರನ್ನ ಮಿಸ್ತ್ರಿ ಕಾಕಾ ಗದರಿಸಿ ಕಳಿಸಿದರು. ಮುಂದಿನ ವಾರ ಫ್ಲೈವೀಲ್ ಹಿಡಿದು ಹಿಂದೆ ಮುಂದೆ ತೂಗಿದಾಗ ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಗಲ, ಆಮೇಲೆ ಪೂರ್ತಿ ಒಂದು ಸುತ್ತು ತಿರುಗಿತು.

ಹೆಡ್ ತೆಗೆದು, ಪಿಸ್ಟನ್ ಹೊರಗೆಳೆದು, ಎಲ್ಲವನ್ನೂ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಸತ್ತಿದ್ದು ಯಾವುದು? ರಿಂಗುಗಳು ಸವೆದಿದ್ದವು. ಲೈನರಿನ ಮೇಲ್ತುದಿಯಲ್ಲಿ, ರಿಂಗು ಹೋಗಿ ನಿಲ್ಲುವ ಜಾಗದಲ್ಲಿ, ಉಗುರಿಗೆ ಸಿಗುವಂಥ ಅಂಚು ಎದ್ದಿತ್ತು. ಬೇರಿಂಗಿನ ಬಿಳಿ ಲೋಹ ಅಲ್ಲಲ್ಲಿ ಎದ್ದುಹೋಗಿತ್ತು. ನಾಝಲ್ ಕಟ್ಟಿತ್ತು. ರಬ್ಬರ್ ರಿಂಗು, ಪ್ಯಾಕಿಂಗು ಒಣಗಿ ಹಪ್ಪಳವಾಗಿದ್ದವು. ಬದುಕಿದ್ದು ಯಾವುದು? ಬ್ಲಾಕು, ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಕ್ಯಾಮು, ಗೇರು, ಫ್ಲೈವೀಲು. ಅಂದರೆ ಎಂಜಿನ್ನಿನ ತೂಕದಲ್ಲಿ ಬಹುಪಾಲು!

ಎಲ್ಲರೂ ತಪ್ಪು ತಿಳಿದಿರೋದು ಇಲ್ಲೇ. ಸವೆದದ್ದನ್ನ ಕೆಟ್ಟದ್ದು ಅಂದುಕೊಳ್ಳುತ್ತೀವಿ. ಈ ಯಂತ್ರ ಕಟ್ಟಿದವರು ಸವೆತ ಅನ್ನೋದು ಬಂದೇ ಬರುತ್ತೆ ಅಂತ ಒಪ್ಪಿಕೊಂಡೇ ಕಟ್ಟಿದ್ದರು. ಸವೆತವೆಲ್ಲ ಅಗ್ಗದ ಭಾಗಕ್ಕೆ ಹೋಗಲಿ, ದುಬಾರಿ ಭಾಗ ಉಳಿಯಲಿ ಅಂತ ಲೆಕ್ಕ ಹಾಕಿದ್ದರು. ಲೈನರ್ ಇರೋದೇ ಬ್ಲಾಕು ಸವೆಯಬಾರದು ಅಂತ. ಬೇರಿಂಗು ಮೆತ್ತಗಿರೋದೇ ಕ್ರ್ಯಾಂಕು ಉಳಿಯಲಿ ಅಂತ. ಚಪ್ಪಲಿ ಸವೆದರೆ ಯಾರಾದರೂ ಕಾಲು ಕತ್ತರಿಸುತ್ತಾರಾ ಸ್ವಾಮಿ?

ಕ್ರ್ಯಾಂಕಿನ ಮೇಲೆ ಗೀರು ಬಿದ್ದಿತ್ತು. ಅದನ್ನ ಹರಿಹರಕ್ಕೆ ಒಯ್ದು ಗ್ರೈಂಡಿಂಗ್ ಮಾಡಿಸಿದೆವು. ಒಂದಿಂಚಿನ ಸಾವಿರದ ಹತ್ತು ಭಾಗ, ಅಂದರೆ ಕಾಲು ಮಿಲಿಮೀಟರ್, ಸಣ್ಣ ಮಾಡಿ ಅದಕ್ಕೆ ಸರಿಯಾಗಿ ಅಷ್ಟೇ ದಪ್ಪದ ಅಂಡರ್‌ಸೈಜ್ ಬೇರಿಂಗು. ಇನ್ನೊಮ್ಮೆ ಸವೆದರೆ ಇನ್ನೂ ಹತ್ತು ಭಾಗ. ಒಂದೇ ಕ್ರ್ಯಾಂಕಿಗೆ ಎರಡನೇ ಜನ್ಮ, ಮೂರನೇ ಜನ್ಮ ಅಂತ ಮೊದಲೇ ಬರೆದಿಟ್ಟಿದ್ದಾರೆ ನೋಡಿ. ಆ ವರ್ಕ್‌ಶಾಪಿನಲ್ಲಿ ಪಕ್ಕಕ್ಕೆ ಓಡುತ್ತಿದ್ದ ಲೇತು ಹರಿಹರದ್ದೇ, ಮೈಸೂರು ಕಿರ್ಲೋಸ್ಕರಿನದು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಅದು ಹೆತ್ತ ಲೇತುಗಳು ಇನ್ನೂ ಊಟ ಹಾಕುತ್ತಿವೆ.

ವಾಲ್ವುಗಳನ್ನ ನಾನೇ ಕೂರಿಸಿದೆ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಎರಡೂ ಅಂಗೈ ನಡುವೆ ಆ ಕಡೆ ಈ ಕಡೆ ತಿರುಗಿಸಬೇಕು, ಮಜ್ಜಿಗೆ ಕಡೆದ ಹಾಗೆ. ನಡುನಡುವೆ ಎತ್ತಿ ಜಾಗ ಬದಲಿಸಬೇಕು. ಒರೆಸಿ ನೋಡಿದರೆ ಸುತ್ತಲೂ ಕಡಿಯದಂಥ ಬೂದುಬಣ್ಣದ ಗೆರೆ ಕಾಣಬೇಕು. ಆಮೇಲೆ ಸೀಮೆಎಣ್ಣೆ ಸುರಿದು, ಕೆಳಗೆ ಜಿನುಗುತ್ತಾ ಅಂತ ಅರ್ಧ ಗಂಟೆ ಕಾಯಬೇಕು. ಈ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ. ಪಾಸೋ ಫೇಲೋ ಅಂತ ನೆಲ ಹೇಳುತ್ತೆ.

ನಾಝಲ್ ಮಾತ್ರ ಮನೆಯ ಕೆಲಸ ಅಲ್ಲ. ಅದರ ಸೂಜಿಗೂ ಗೂಡಿಗೂ ನಡುವೆ ಇರೋ ಸಂದು ಕೆಲವೇ ಮೈಕ್ರಾನ್. ತಲೆಗೂದಲ ದಪ್ಪಕ್ಕೆ ಹೋಲಿಸಿದರೆ ಎಷ್ಟೋ ಪಾಲು ಕಡಿಮೆ. ಸುಮಾರು 200 ಬಾರ್ ಒತ್ತಡದಲ್ಲಿ ಅದು ಬಾಯಿ ಬಿಡಬೇಕು. ಅದಕ್ಕೆ ಪರೀಕ್ಷೆ ಮಾಡುವ ಬೆಂಚು ಇರೋ ಅಂಗಡಿಗೇ ಕೊಡಬೇಕು. ಮನೆಯಲ್ಲಿ ತಿರುಗಿಸಿ ನೋಡ್ತೀನಿ ಅಂತ ಅದರ ಮುಂದೆ ಕೈ ಹಿಡಿದರೆ ಡೀಸೆಲ್ಲು ಚರ್ಮ ತೂರಿ ಒಳಗೆ ಹೋಗುತ್ತೆ, ಬೆರಳೇ ಹೋಗಬಹುದು. ಎಲ್ಲಾ ನಾನೇ ಮಾಡ್ತೀನಿ ಅನ್ನೋ ಶೂರರ ವಕಾಲತ್ತು ನಾನು ಹಾಕ್ತಿಲ್ಲ. ಯಾವುದು ನನ್ನ ಕೈಲಾಗುತ್ತೆ, ಯಾವುದು ಆಗಲ್ಲ ಅನ್ನೋದು ಬಿಚ್ಚಿದವನಿಗೇ ಗೊತ್ತಾಗೋದು.

ಆಮೇಲಿನ ಕೆಲಸವೆಲ್ಲ ಅಳತೆಯದು. ಪಿಸ್ಟನ್ನಿನ ತಲೆಗೂ ಹೆಡ್ಡಿಗೂ ನಡುವಿನ ಸಂದು ಎಷ್ಟಿದೆ ಅಂತ ತಿಳಿಯೋಕೆ ಮಿಸ್ತ್ರಿ ಕಾಕಾ ಮೆತ್ತನೆಯ ಸೀಸದ ತಂತಿ ಒಳಗಿಟ್ಟು, ಹೆಡ್ ಬಿಗಿದು, ಫ್ಲೈವೀಲನ್ನ ನಿಧಾನಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯನ್ನ ಮೈಕ್ರೋಮೀಟರಿನಲ್ಲಿ ಅಳೆದರು. ಒಳಗೆ ಕಣ್ಣು ಹೋಗದ ಜಾಗದ ಅಳತೆ ತೆಗೆಯೋದು ಹೀಗೆ. ಇದನ್ನ ನೋಡಿ ನಾನು ಹತ್ತು ನಿಮಿಷ ಸುಮ್ಮನೆ ಕೂತೆ. ನಮ್ಮ ಆಫೀಸಿನಲ್ಲಿ ಇಷ್ಟು ಚೊಕ್ಕವಾದ ಟೆಸ್ಟ್ ಬರೆದವನಿಗೆ ಪ್ರಮೋಷನ್ ಕೊಡ್ತಾರೆ.

ಹೊಸ ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಪ್ಯಾಕಿಂಗು, ಗ್ರೈಂಡಿಂಗು, ನಾಝಲ್, ಮಿಸ್ತ್ರಿ ಕೂಲಿ, ಬಸ್ ಚಾರ್ಜು ಎಲ್ಲಾ ಸೇರಿ ಹನ್ನೆರಡು ಸಾವಿರ ದಾಟಲಿಲ್ಲ. ಡೀಸೆಲ್ ಪೈಪಿನ ಗಾಳಿ ಬಿಟ್ಟು, ಡಿಕಂಪ್ರೆಶನ್ ಲಿವರ್ ಎತ್ತಿ ಹಿಡಿದು, ಹ್ಯಾಂಡಲ್ ಜೋರಾಗಿ ತಿರುಗಿಸಿ ಲಿವರ್ ಬಿಟ್ಟರೆ ಶುರು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ನು ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತೆ. ಇದು ಯಾವ ಸಿಲೆಬಸ್ಸಿನಲ್ಲಿದೆ ಹೇಳಿ?

ಸಿಲೆಬಸ್ಸು ಅಂದಾಗ ನೆನಪಾಯ್ತು. ನಾನು ಓದಿದ್ದು ಬಿಇ ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ನನ್ನ ತಲೆಮಾರಿನಲ್ಲಿ ಇದು ಜೋಕೂ ಅಲ್ಲ, ಸುದ್ದಿಯೂ ಅಲ್ಲ. ತಮಾಷೆ ಏನು ಗೊತ್ತಾ? ನಮ್ಮ ಕಾಲೇಜಿನ ಲ್ಯಾಬಿನಲ್ಲೂ ಇದೇ ಜಾತಿಯ ಒಂದು ಸಿಲಿಂಡರಿನ ಕಿರ್ಲೋಸ್ಕರ್ ಎಂಜಿನ್ ಇತ್ತು. ರಾಜ್ಯದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಇದೆ. ಹೊಂಗೆ ಎಣ್ಣೆ, ಬೇವಿನ ಎಣ್ಣೆ ಅಂತ ಇದರ ಮೇಲೆ ಪ್ರಯೋಗ ಮಾಡಿ ಪಿಎಚ್‌ಡಿ ಪಡೆದವರೂ ಬೇಕಾದಷ್ಟು ಜನ. ನಾವು ಲೋಡ್ ಹಾಕಿದೆವು, ಹತ್ತು ಸಿಸಿ ಡೀಸೆಲ್ ಖರ್ಚಾಗಲು ಎಷ್ಟು ಸೆಕೆಂಡು ಅಂತ ಬರೆದುಕೊಂಡೆವು, ಥರ್ಮಲ್ ಎಫಿಶಿಯನ್ಸಿ ಲೆಕ್ಕ ಹಾಕಿದೆವು, ಗ್ರಾಫ್ ಬಿಡಿಸಿದೆವು. ಎಂಜಿನ್ನನ್ನ ಶುರು ಮಾಡಿಕೊಟ್ಟವರು ಲ್ಯಾಬ್ ಅಟೆಂಡರ್. ನಾಲ್ಕು ವರ್ಷದಲ್ಲಿ ಒಬ್ಬ ಹುಡುಗನ ಕೈಗೂ ಅದರ ಹೆಡ್ ಬೋಲ್ಟು ಸಿಗಲಿಲ್ಲ. ಬಿಚ್ಚಿದರೆ ಹಾಳಾಗುತ್ತೆ ಅಂತ! ಪ್ರಾಣಿಶಾಸ್ತ್ರದವರು ಕಪ್ಪೆ ಕುಯ್ಯುತ್ತಿದ್ದರು, ನಮಗೆ ಕಬ್ಬಿಣ ಕುಯ್ಯಲಿಕ್ಕೂ ಬಿಡಲಿಲ್ಲ. ಎಂಜಿನ್ನಿನ ಎಫಿಶಿಯನ್ಸಿ ದಶಮಾಂಶದಲ್ಲಿ ಹೇಳಬಲ್ಲ, ಅದರ ವಾಲ್ವು ಜಿನುಗುತ್ತಾ ಇಲ್ಲವಾ ಹೇಳಲಾರದ ಸಾವಿರಾರು ಪದವೀಧರರನ್ನ ವರ್ಷಾ ವರ್ಷ ತಯಾರು ಮಾಡ್ತಾರೆ. ಆಮೇಲೆ ಅದೇ ಪದವೀಧರ ಊರಿಗೆ ಬಂದು, ಫೋಟೊ ನೋಡಿ, ಗುಜರಿಗೆ ಹಾಕು ಅಂತಾನೆ. ಅವನ ಮಾತಿಗೆ ಬೆಲೆ ಜಾಸ್ತಿ, ಯಾಕೆಂದರೆ ಹೆಸರಿನ ಮುಂದೆ ‘ಬಿಇ’ ಇದೆ. ಮಿಸ್ತ್ರಿಯ ಮಾತಿಗೆ ಬೆಲೆ ಇಲ್ಲ, ಯಾಕೆಂದರೆ ಉಗುರಿನಲ್ಲಿ ಮಸಿ ಇದೆ.

ಇನ್ನು ಹಸಿರು ಗೆಳೆಯರು. ‘ಹಳೆ ಡೀಸೆಲ್ ಎಂಜಿನ್ನಾ? ಹೊಗೆ! ಪರಿಸರ!’ ಅಂದರು ಆಫೀಸಿನಲ್ಲಿ. ಡೀಸೆಲ್ ಹೊಗೆ ವಿಷ ಅನ್ನೋದನ್ನ ಒಪ್ಪುತ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಅದನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಅದಕ್ಕೇ ಮುಚ್ಚಿದ ಕೋಣೆಯಲ್ಲಿ ಓಡಿಸಬಾರದು, ದಿನವಿಡೀ ಓಡಿಸಬಾರದು. ಆದರೆ ಕಪ್ಪು ಹೊಗೆ ಉಗುಳೋದು ಹಳೆ ಎಂಜಿನ್ ಅಂತಲ್ಲ, ರಿಪೇರಿ ಕಾಣದ ಎಂಜಿನ್ ಅಂತ. ನಾಝಲ್ ಸರಿಯಾಗಿ ಸಿಂಪಡಿಸದೆ ಹನಿ ಹನಿ ಸುರಿಸಿದರೆ, ರಿಂಗು ಸವೆದು ಒತ್ತಡ ಸೋರಿದರೆ, ಡೀಸೆಲ್ಲು ಪೂರ್ತಿ ಉರಿಯಲ್ಲ. ರಿಪೇರಿ ಮಾಡಿಸು ಅನ್ನೋದು ಹೊಗೆಯ ವಿರುದ್ಧದ ಮಾತೇ. ಮತ್ತೆ ಈ ಪ್ರವಚನ ಕೊಟ್ಟ ಗೆಳೆಯ ಕೂತಿದ್ದು ಎಲ್ಲಿ? ಕರೆಂಟು ಹೋದ ಮರುಕ್ಷಣ ಬೇಸ್‌ಮೆಂಟಿನಲ್ಲಿ ದೊಡ್ಡ ದೊಡ್ಡ ಡೀಸೆಲ್ ಜನರೇಟರ್ ಗುಡುಗುವ ಟೆಕ್ ಪಾರ್ಕಿನ ಏಳನೇ ಮಹಡಿಯಲ್ಲಿ. ಲಿಫ್ಟು ನಿಲ್ಲಬಾರದು, ಎಸಿ ನಿಲ್ಲಬಾರದು. ರೈತನ ಐದು ಎಚ್‌ಪಿ ಮಾತ್ರ ನಿಲ್ಲಬೇಕು.

ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಇದೆಯಲ್ಲ, ನಿಮಗ್ಯಾಕೆ ಡೀಸೆಲ್ಲು ಅಂತ ಕೇಳುವವರೂ ಇದ್ದಾರೆ. ಪುಕ್ಕಟೆ ಇದೆ, ಸರಿ. ಏಳು ಗಂಟೆ ತ್ರೀಫೇಸ್ ಅಂತಾರೆ, ಅದರಲ್ಲಿ ಒಂದು ಪಾಳಿ ರಾತ್ರಿ ಬರುತ್ತೆ. ಹಾವಿನ ಕಾಲದಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗೋದು ಅರವತ್ತೆಂಟರ ನಮ್ಮಪ್ಪ. ಟಿಸಿ ಸುಟ್ಟರೆ ಹೊಸದು ಬರೋವರೆಗೆ ದಿನ ಎಣಿಸಬೇಕು. ಮೆಕ್ಕೆಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಒಂದು ನೀರು ತಪ್ಪಿದರೆ ಕಾಳು ಜೊಳ್ಳು. ಆ ವರ್ಷದ ಲೆಕ್ಕ ಅಲ್ಲಿಗೆ ಮುಗೀತು. ಬೋರ್‌ವೆಲ್ಲಿನ ಆಳದಿಂದ ಎತ್ತೋದು ಈ ಎಂಜಿನ್ನಿಗೆ ಆಗದ ಕೆಲಸ. ಕೃಷಿ ಹೊಂಡದಿಂದ, ಹೊಳೆಯಿಂದ ಎತ್ತುತ್ತೆ. ವರ್ಷಕ್ಕೆ ಐವತ್ತು ಗಂಟೆ ಓಡಿದರೆ ಹೆಚ್ಚು. ಆ ಐವತ್ತು ಗಂಟೆಯಲ್ಲೇ ಬೆಳೆ ಉಳಿಯೋದೋ ಹೋಗೋದೋ ತೀರ್ಮಾನವಾಗುತ್ತೆ. ಸೋಲಾರ್ ಪಂಪ್ ಬರಲಿ, ಸಂತೋಷ. ಬರೋವರೆಗೆ ಇರೋದನ್ನ ಕೊಲ್ಲಬೇಡಿ.

ಇಷ್ಟೆಲ್ಲ ಹೇಳಿದ್ದು ಹಳೆ ಯಂತ್ರದ ಮೇಲಿನ ಮೋಹದಿಂದಲ್ಲ. ಹಿತ್ತಾಳೆಗೆ ಪಾಲಿಶ್ ಹೊಡೆದು ಡ್ರಾಯಿಂಗ್ ರೂಮಿನಲ್ಲಿ ಇಟ್ಟುಕೊಳ್ಳೋ ಜಾತಿ ನಾನಲ್ಲ. ನನಗೆ ಹೆದರಿಕೆ ಇರೋದು ಮುಂದಿನ ಯಂತ್ರಗಳ ಬಗ್ಗೆ. 2023ರ ಜನವರಿ 1ರಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಅನ್ನೋ ಹೊಗೆ ನಿಯಮ ಬಂತು. ಒಳ್ಳೆಯದೇ. ಅದಕ್ಕೆ ಕಂಪ್ಯೂಟರ್ ಹಿಡಿತದ ಇಂಜೆಕ್ಷನ್ ಬೇಕು, ಅದೂ ಸರಿ. ಆದರೆ ನಮ್ಮ ಸಂಬಂಧಿಕರೊಬ್ಬರ ಅಂಥ ಟ್ರ್ಯಾಕ್ಟರ್ ಬಿತ್ತನೆ ಹೊತ್ತಿನಲ್ಲಿ ಹೊಲದ ನಡುವೆ ನಿಂತಿತು. ಮೂರು ದಿನ ಕಾದ ಮೇಲೆ ಕಂಪನಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಸಿಕ್ಕಿದ್ದೇನು? ಇಲಿ ಕಡಿದ ಒಂದು ಸೆನ್ಸರ್ ವೈರು. ಯಾವ ವೈರು ಅಂತ ಟ್ರ್ಯಾಕ್ಟರಿಗೆ ಮೊದಲ ನಿಮಿಷದಲ್ಲೇ ಗೊತ್ತಿತ್ತು. ಮಾಲೀಕನಿಗೆ ಹೇಳಬಾರದು ಅಂತ ಅದಕ್ಕೆ ಬುದ್ಧಿ ಹೇಳಿ ಕಳಿಸಿದ್ದರು.

ಈ ಬುದ್ಧಿ ಹೇಳಿದವರು ನನ್ನ ಕಸುಬಿನವರು. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಎರರ್ ಕೋಡನ್ನ ನಾವು ಬರೆಯೋದೇ ಯಾರಾದರೂ ಓದಲಿ ಅಂತ. ಅದನ್ನ ತೆರೆದು ತೋರಿಸೋಕೆ ಒಂದು ಕೇಬಲ್ಲು, ನಾಲ್ಕು ಸಾಲು ಕನ್ನಡ ಸಾಕು. ಬೀಗ ಹಾಕೋದಕ್ಕೇ ಹೆಚ್ಚಿಗೆ ಕೆಲಸ ಮಾಡಬೇಕು. ಹೊಗೆ ಕಡಿಮೆ ಮಾಡೋದು ತಂತ್ರಜ್ಞಾನ. ಕೆಟ್ಟಿದ್ದೇನು ಅಂತ ಮಾಲೀಕನಿಂದ ಮುಚ್ಚಿಡೋದು ಬರೀ ವ್ಯಾಪಾರ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ‘ಆಧುನಿಕ’ ಅಂತ ಚೀಟಿ ಅಂಟಿಸಿ ಕೊಡುವಾಗ, ಸಾಲ ಮಾಡಿ ಕೊಂಡವನು ಮಾಲೀಕ ಅಲ್ಲ, ಬಾಡಿಗೆದಾರ.

ಬೇರೆ ಕಡೆ ಜನ ಸುಮ್ಮನೆ ಕೂತಿಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲೇ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾನೂನು ಮಾಡಿತು. ಮ್ಯಾನ್ಯುಯಲ್ಲು, ಪಾರ್ಟು, ಸಾಫ್ಟ್‌ವೇರು ರೈತನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಸಿಗಬೇಕು ಅಂತ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು, ಪಟ್ಟಿಯಲ್ಲಿ ಕೃಷಿ ಉಪಕರಣವೂ ಇತ್ತು. ಅದೇ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಪೋರ್ಟಲ್ಲಿಗೂ ಕಾನೂನಿಗೂ ಇರುವ ವ್ಯತ್ಯಾಸ ರೇಷನ್ ಕಾರ್ಡಿಗೂ ಅಕ್ಕಿಗೂ ಇರುವಷ್ಟೇ.

ಆದರೆ ಕಾನೂನು ಬರೋ ಹೊತ್ತಿಗೆ ರಿಪೇರಿ ಮಾಡುವವರು ಉಳಿದಿರುತ್ತಾರಾ? ಮಿಸ್ತ್ರಿ ಕಾಕಾಗೆ ಇಬ್ಬರು ಗಂಡುಮಕ್ಕಳು. ಒಬ್ಬ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ಹಂಚುತ್ತಾನೆ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿ. ‘ಮಸಿ ಕೈಗೆ ಯಾರು ಹೆಣ್ಣು ಕೊಡ್ತಾರ ತಮ್ಮಾ’ ಅಂದರು, ನಗುತ್ತಲೇ. ಸೀಸದ ತಂತಿಯ ಆ ಪರೀಕ್ಷೆ, ಆಯಿಲ್ ಮುಟ್ಟಿ ನೋಡಿ ಬೇರಿಂಗಿನ ಸ್ಥಿತಿ ಹೇಳುವ ಆ ಬೆರಳು, ಅವರ ಕಾಲಕ್ಕೆ ಮುಗೀತು. ಅವರಿಗೆ ನಾನು ಕೊಟ್ಟ ಕೂಲಿ ಎಂಟು ದಿನಕ್ಕೆ ಆರು ಸಾವಿರ. ಕೊಡೋದಕ್ಕೆ ನಾನು ತಯಾರಿದ್ದದ್ದು ಹೆಚ್ಚು, ಅವರು ಕೇಳಿದ್ದು ಕಡಿಮೆ. ಕೊನೆಗೆ ನಡುವೆ ಎಲ್ಲೋ ಒಪ್ಪಿಸಬೇಕಾಯ್ತು.

ನಮ್ಮ ಸೀಮೆಯ ಎಂಜಿನಿಯರಿಂಗ್ ಕಾಲೇಜುಗಳ ಪ್ರಿನ್ಸಿಪಾಲರು ಯಾರಾದರೂ ಇದನ್ನ ಓದುತ್ತಿದ್ದರೆ ಒಂದು ಅರ್ಜಿ. ನಿಮ್ಮ ಲ್ಯಾಬಿನ ಎಂಜಿನ್ ಬಿಚ್ಚೋದು ಬೇಡ, ಆಡಿಟ್‌ನವರು ಬರ್ತಾರೆ, ನನಗೆ ಗೊತ್ತು. ಹಳ್ಳಿಯಿಂದ ಸತ್ತಿದೆ ಅನ್ನಿಸಿಕೊಂಡ ಒಂದು ಎಂಜಿನ್ ಗುಜರಿ ರೇಟಿಗೇ ತಗೊಳ್ಳಿ, ಪ್ರತಿ ಊರಲ್ಲೂ ಎರಡು ಮೂರು ಇವೆ. ಆರನೇ ಸೆಮಿಸ್ಟರಿನ ಎಂಟು ಜನರಿಗೆ ಒಂದರಂತೆ ಕೊಡಿ. ಓಡಿದರೆ ಮಾರ್ಕ್ಸು, ಓಡದಿದ್ದರೆ ಇಲ್ಲ. ಕಲಿಸೋದಕ್ಕೆ ಒಬ್ಬ ಮಿಸ್ತ್ರಿಯನ್ನ ಕರೆಸಿ, ಬೆಂಗಳೂರಿನಿಂದ ಬರುವ ಗೆಸ್ಟ್ ಲೆಕ್ಚರರ್‌ಗೆ ಕೊಡುವಷ್ಟೇ ಸಂಭಾವನೆ ಕೊಡಿ, ಚೆಕ್ಕಿನಲ್ಲಿ, ಅದೇ ದಿನ. ಶಾಲು ಮಾತ್ರ ಹೊದಿಸಬೇಡಿ. ಗ್ರೀಸ್ ಆಗುತ್ತೆ.